ಗಿಣ್ಣು ಮೊದಲು ಕರುವಿಗೆ

ಸಂಸೆ, ಕಳಸದ ಕಡೆ ಮಳೆ ಹಿಡಿಯಿತೆಂದರೆ ಕೊಟ್ಟಿಗೆ ಒಣಗುವುದು ದೀಪಾವಳಿಯ ಹೊತ್ತಿಗೇ. ಆ ನಡುವೆ ಹುಟ್ಟಿದ ಕರು ಎರಡನೆಯ ದಿನವೋ ಮೂರನೆಯ ದಿನವೋ ನೀರಿನಂತೆ ಭೇದಿ ಮಾಡುತ್ತದೆ. ಕಣ್ಣು ಗುಳಿ ಬೀಳುತ್ತದೆ. ಮಾರನೆಯ ಬೆಳಗ್ಗೆ ಏಳುವುದಿಲ್ಲ. ದೃಷ್ಟಿಯಾಯಿತು ಎನ್ನುವವರುಂಟು. ಹಾಲು ಹೆಚ್ಚಾಯಿತೆಂದು ಕುಡಿಸುವುದನ್ನೇ ನಿಲ್ಲಿಸುವವರೂ ಉಂಟು.

ಭೇದಿಗೆ ಕಾರಣಗಳು ಹಲವು. ಹುಟ್ಟಿದ ನಾಲ್ಕು ದಿನದೊಳಗೆ ಬರುವ ಭೇದಿಗೆ ಮುಖ್ಯ ಕಾರಣಗಳಲ್ಲೊಂದು ಇ. ಕೋಲೈ ಎಂಬ ಬ್ಯಾಕ್ಟೀರಿಯ. ಮನುಷ್ಯ, ದನ, ಹಂದಿ ಎಲ್ಲರ ಕರುಳಿನಲ್ಲೂ ಇದರ ಬಳಗ ಇದ್ದೇ ಇದೆ. ಬಹುಪಾಲು ನಿರುಪದ್ರವಿ. ಕೆಲವು ಕುಲಗಳು ಮಾತ್ರ ಎಳಗರುವಿನ ಕರುಳಿಗೆಂದೇ ಹೊಂದಿಕೊಂಡಿವೆ.

ಕರುಳು ಸದಾ ಮಿಸುಕುತ್ತ ಒಳಗಿದ್ದುದನ್ನು ಹೊರಕ್ಕೆ ತಳ್ಳುತ್ತದೆ. ಹಿಡಿದುಕೊಳ್ಳಲಾರದ ಬ್ಯಾಕ್ಟೀರಿಯ ಸಗಣಿಯೊಡನೆ ಹೋಗಬೇಕಾದ್ದೇ. ಈ ಕುಲಕ್ಕಾದರೋ ಮೈಮೇಲೆ ಕೆ-99 ಎಂಬ ನವಿರು ಕೂದಲುಗಳಿವೆ. ತೋಟದ ಜಿಗಣೆ ಕಾಲಿಗೆ ಕಚ್ಚಿಕೊಂಡಂತೆ ಅದು ಸಣ್ಣ ಕರುಳಿನ ಗೋಡೆಗೆ ಅಂಟಿ, ವಿಷ ಬಿಟ್ಟು, ಮೈಯ ನೀರನ್ನೆಲ್ಲ ಕರುಳಿಗೆ ಇಳಿಸುತ್ತದೆ. ವಿಚಿತ್ರವೆಂದರೆ ಹೊರಗಿನ 18 ಡಿಗ್ರಿ ತಂಪಿನಲ್ಲಿ ಈ ಕೂದಲು ಹುಟ್ಟುವುದಿಲ್ಲ. ಕರುವಿನ ಮೈಶಾಖ ತಗುಲಿದಾಗಲೇ ಹುಟ್ಟುತ್ತದೆ. ಹಂದಿಮರಿಯ ರೋಗಾಣುವಿನ ಕೂದಲು ಬೇರೆ, ಕೆ-88. ಅದರ ಗುಣವನ್ನು ತೆಗೆದುಬಿಟ್ಟರೆ ರೋಗ ತರುವ ಶಕ್ತಿ ಕುಗ್ಗುತ್ತದೆಂದು ಇಂಗ್ಲೆಂಡಿನ ವಿಲಿಯಮ್ಸ್ ಸ್ಮಿತ್ ಮತ್ತು ಲಿಂಗ್‌ಗುಡ್ 1971ರಲ್ಲೇ ತೋರಿಸಿದರು.

ಈ ಕೂದಲು ಹಿಡಿಯುವ ಜಾಗಗಳು ಕರು ಬೆಳೆದಂತೆ ಕಡಿಮೆಯಾಗುತ್ತವೆ. ಹಾಗಾಗಿ ಕಾಯಬೇಕಾದ್ದು ಮೊದಲ ಕೆಲವು ದಿನ. ಆ ಕಾವಲು ಗಿಣ್ಣಿನಲ್ಲಿದೆ. ಹಸುವಿನ ರಕ್ತದ ರೋಗನಿರೋಧಕ ವಸ್ತು ಗರ್ಭದಲ್ಲಿ ಕರುವಿಗೆ ದಾಟುವುದಿಲ್ಲ. ಗಿಣ್ಣಿನ ಮೂಲಕವೇ ಬರಬೇಕು. ಅದನ್ನು ರಕ್ತಕ್ಕೆ ಹೀರಿಕೊಳ್ಳುವ ಬಾಗಿಲು ಕರುವಿನ ಕರುಳಿನಲ್ಲಿ ಸುಮಾರು 24 ಗಂಟೆಗೆ ಮುಚ್ಚಿಹೋಗುತ್ತದೆ, ಆರು ಗಂಟೆ ಕಳೆದರೇ ಕಿರಿದಾಗಿರುತ್ತದೆ. ಮಾಸು ಬೀಳುವ ತನಕ ಕರುವನ್ನು ಕೆಚ್ಚಲಿಗೆ ಬಿಡಬಾರದೆಂಬ ನಮ್ಮ ಪದ್ಧತಿ ಈ ಹೊತ್ತನ್ನೇ ತಿಂದುಹಾಕುತ್ತಿದೆ. ಇದನ್ನು ಬಿಡಲೇಬೇಕೆಂದು ನಾನು ಹೇಳುತ್ತೇನೆ. ಕರು ಕುಡಿದರೆ ಮಾಸು ಬೀಳಲು ಅನುಕೂಲವೇ ಹೊರತು ಅಡ್ಡಿಯಿಲ್ಲ. ಮೊದಲ ದಿನ ಕರುವಿನ ತೂಕದ ಹತ್ತನೆಯ ಒಂದು ಪಾಲು, ಅಂದರೆ 10 ಕಿಲೋ ತೂಗುವ ಮಲೆನಾಡು ಗಿಡ್ಡ ಕರುವಿಗೆ ಒಂದು ಲೀಟರ್, 25 ಕಿಲೋ ಮಿಶ್ರತಳಿಗೆ ಎರಡೂವರೆ ಲೀಟರ್ ಗಿಣ್ಣು ಹೊಟ್ಟೆ ಸೇರಬೇಕು. ಬೆಲ್ಲ, ಏಲಕ್ಕಿ ಹಾಕಿದ ಗಿಣ್ಣು ನನಗೂ ಇಷ್ಟವೇ, ಉಳಿದದ್ದರಲ್ಲಿ ಮಾಡಿಕೊಂಡರಾಯಿತು.

ಸೊಪ್ಪಿನ ಕೊಟ್ಟಿಗೆಯ ಮಾತೂ ಇದೆ. ಅಡಿಕೆ ತೋಟಕ್ಕೆ ಆ ಗೊಬ್ಬರ ಬೇಕು ನಿಜ, ಆದರೆ ನೆನೆದ ಸೊಪ್ಪು ಸಗಣಿಯ ಮೇಲೆ ಎಳಗರುವನ್ನು ಮಲಗಿಸಿದರೆ ರೋಗಾಣುವನ್ನು ಬಾಯಿಗಿಟ್ಟಂತೆ. ಮೂಲೆಯಲ್ಲಿ ಒಂದು ಹಲಗೆ, ಮೇಲೆ ಒಣಹುಲ್ಲು ಸಾಕು.

ಮನೆಯಲ್ಲಿ ಮಿಕ್ಕ ಮಾತ್ರೆಯನ್ನು ಅರೆದು ಕುಡಿಸುವುದಂತೂ ಬೇಡ. ಕೂದಲಿನ ಗುಣ ಒಂದು ಬ್ಯಾಕ್ಟೀರಿಯದಿಂದ ಇನ್ನೊಂದಕ್ಕೆ ಪ್ಲಾಸ್ಮಿಡ್ ಎಂಬ ತುಣುಕಿನಲ್ಲಿ ದಾಟುತ್ತದೆ. ಔಷಧಿಗೆ ಬಗ್ಗದ ಗುಣವೂ ಅಂಥದೇ ಗಾಡಿ ಹತ್ತುತ್ತದೆ. ಕೊಲಿಸ್ಟಿನ್ ಎಂಬ ಕಡೆಯ ಅಸ್ತ್ರದಂಥ ಔಷಧಿಯನ್ನು ಸೋಲಿಸುವ ಗುಣ ಹೀಗೆ ದಾಟುವುದನ್ನು 2015ರಲ್ಲಿ ಚೀನಾದಲ್ಲಿ, ಹಂದಿಯ ಇ. ಕೋಲೈಯಲ್ಲಿ ಕಂಡರು. ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಅದನ್ನು ಕೊಡುವುದನ್ನು ಭಾರತ ಸರ್ಕಾರ 2019ರ ಜುಲೈಯಲ್ಲಿ ನಿಷೇಧಿಸಿತು.

ಭೇದಿ ಶುರುವಾದರೆ ಹಾಲು ನಿಲ್ಲಿಸದೆ, ಎರಡು ಹಾಲಿನ ನಡುವೆ ಓಆರ್‌ಎಸ್ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿ ಕರಗಿಸಿ ಕೊಡಿ, ಹಾಲಿಗೆ ಬೆರೆಸಬೇಡಿ. ಕಿವಿ ತಣ್ಣಗಾಗಿ, ಬೆರಳಿಟ್ಟರೂ ಚೀಪದ ಕರುವಿನ ಬಾಯಿಗೆ ಏನನ್ನೂ ಹೊಯ್ಯದೆ ಪಶುವೈದ್ಯರನ್ನು ಕರೆಸಿ. ಅದಕ್ಕೆ ನೀರು ರಕ್ತನಾಳದಲ್ಲೇ ಹೋಗಬೇಕು.