ಹುಡುಕಿದ ಜಾಗವೂ ನಕ್ಷೆಗೆ ಬರಲಿ

ಹರಿಹರದಲ್ಲಿ ತುಂಗಭದ್ರೆಯ ಪಾಲಾದವರನ್ನು ಹುಡುಕುವಾಗ ದಡದಲ್ಲಿ ಮೊದಲು ಕೇಳುವ ಮಾತು, ‘ಎಲ್ಲಿ ಮುಳುಗಿದ?’ ಜೊತೆಗಿದ್ದವರು ಒಬ್ಬೊಬ್ಬರು ಒಂದೊಂದು ಕಡೆ ಕೈ ತೋರಿಸುತ್ತಾರೆ. ಬೋಟ್ ಇಳಿಯುತ್ತದೆ, ಮೀನುಗಾರರು ಪಾತಾಳಗರಡಿ ಎಳೆಯುತ್ತಾರೆ, ಈಜು ಬಲ್ಲವರು ಮರಳು ತೆಗೆದ ಗುಂಡಿಗಳಿಗೆ ಮುಳುಗುತ್ತಾರೆ. ಕತ್ತಲಾದರೆ ಕೆಲಸ ನಿಂತಿತು. ಮರುದಿನ ಬಂದವರಿಗೆ ನಿನ್ನೆ ಎಲ್ಲೆಲ್ಲಿ ತಳ ಮುಟ್ಟಿ ನೋಡಿದ್ದಾಗಿದೆ ಎಂಬುದು ನಾನು ಕಂಡಂತೆ ಬಾಯಿಮಾತಿನಲ್ಲೇ ಸಿಗುತ್ತದೆ. ಭೂಮಾಪನದಲ್ಲಿ ದುಡಿದು ನಿವೃತ್ತನಾದ ನನಗೆ ಇದನ್ನು ಸಹಿಸಲು ಆಗುವುದಿಲ್ಲ. ಒಂದು ಗುಂಟೆ ಜಮೀನಿನ ಹದ್ದಿಗೆ ಜಿಪಿಎಸ್ ರೋವರ್ ನಿಲ್ಲಿಸಿ ಸೆಂಟಿಮೀಟರ್ ಲೆಕ್ಕ ಹಾಕುತ್ತೇವೆ. ಮಗನಿಗಾಗಿ ಕಾದು ಕೂತ ತಾಯಿಗೆ ಮಾತ್ರ ‘ಆ ಕಡೆ ಎಲ್ಲೋ’ ಎನ್ನುತ್ತೇವೆ.

ಹುಡುಕಲು ಮುಳುಗುವವರ ಕೈಗೇ ಜಿಪಿಎಸ್ ಕಟ್ಟಿದರಾಯಿತಲ್ಲ ಎಂದು ಅನೇಕರು ಕೇಳುತ್ತಾರೆ. ಅದು ಆಗದ ಮಾತು. ಸುಮಾರು 20,200 ಕಿ.ಮೀ. ಎತ್ತರದ ಉಪಗ್ರಹಗಳಿಂದ ಬರುವ ಜಿಪಿಎಸ್ ಸಂಕೇತ ಭೂಮಿ ತಲುಪುವಾಗಲೇ ಬಹಳ ಕ್ಷೀಣವಾಗಿರುತ್ತದೆ. ಅದರ ಕಂಪನಾಂಕ 1575.42 ಮೆಗಾಹರ್ಟ್ಸ್, ಇಂಥ ಅಲೆಗಳನ್ನು ನೀರು ಹೀರಿಬಿಡುತ್ತದೆ. ಉಪ್ಪುನೀರಿನಲ್ಲಿ ಕೆಲವೇ ಸೆಂಟಿಮೀಟರ್, ಹೊಳೆಯಲ್ಲಿ ಹೆಚ್ಚೆಂದರೆ ಒಂದು ಗೇಣು, ಅಷ್ಟೇ. ನಮ್ಮದೇ ನಾವಿಕ್ ಉಪಗ್ರಹಗಳಿಗೂ ಇದೇ ಮಿತಿ. ನೇತ್ರಾಣಿಯ ಸುತ್ತ ಸ್ಕೂಬಾ ಮಾಡುವವರೂ ನೀರೊಳಗೆ ದಿಕ್ಸೂಚಿಯನ್ನೇ ನಂಬಬೇಕು. ನೀರಿನಲ್ಲಿ ದೂರ ಹೋಗುವುದು ಶಬ್ದ. ಸೋನಾರ್ ಅದನ್ನೇ ಬಳಸುತ್ತದೆ, ಆದರೆ ಅದು ದುಬಾರಿ.

ಅಗ್ಗದ ದಾರಿಯೊಂದಿದೆ. ಜಲನಿರೋಧಕ ಚೀಲದಲ್ಲಿಟ್ಟ ಫೋನನ್ನು ಬೆಂಡಿನ ಮೇಲೆ ಕಟ್ಟಿ, ಅದರ ಹಗ್ಗವನ್ನು ಮುಳುಗುವವನು ಹಿಡಿದು ಸಾಗುವುದು. ಫೋನ್ ಮೇಲೆ ತೇಲುತ್ತ, ಅವನು ಹೋದ ಜಾಡನ್ನು ಗಳಿಗೆಗಳಿಗೆಗೂ ದಾಖಲಿಸುತ್ತದೆ. ತೆರೆದ ಆಕಾಶದ ಕೆಳಗೆ ತಪ್ಪು ಸುಮಾರು ಐದು ಮೀಟರ್; ಹೊಳೆಗೆ ಇಷ್ಟು ಸಾಕು. ಹಗ್ಗದ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಆಳ 6 ಮೀಟರ್ ಇದ್ದು, 10 ಮೀಟರ್ ಹಗ್ಗವನ್ನು ಸೆಳೆತ ಓರೆಯಾಗಿ ಎಳೆದರೆ ಬೆಂಡು 8 ಮೀಟರ್ ಆಚೆ ಇರುತ್ತದೆ. ಹಗ್ಗ ಗಿಡ್ಡವಿರಬೇಕು, ಬಿಗಿಯಾಗಿರಬೇಕು. ಸೆಳೆತ ಜೋರಿದ್ದಾಗ ಈ ಹಗ್ಗವೇ ಅಪಾಯ, ತಟ್ಟನೆ ಬಿಡುವಂತಿರಬೇಕು. ಮೈಗೆ ಗಂಟು ಹಾಕಿಕೊಳ್ಳುವುದು ಬೇಡವೇ ಬೇಡ.

ಗುರುತು ಉಳಿದರೆ ಏನಾಗುತ್ತದೆ ಎಂಬುದಕ್ಕೆ ಶಿರೂರು ಸಾಕ್ಷಿ, ನೆನಪಿದೆಯಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಆ ಊರಿನ ಗುಡ್ಡ ಹೆದ್ದಾರಿ ಮೇಲೆ ಕುಸಿದು ಗಂಗಾವಳಿ ನದಿಗೆ ಇಳಿಯಿತು. ನೌಕಾಪಡೆಯವರು ಬಂದರು, ಮಲ್ಪೆಯ ಈಶ್ವರ್ ತಂಡದವರು ಪ್ರಾಣ ಒತ್ತೆಯಿಟ್ಟು ಮುಳುಗಿದರು. ಲೋಹದ ಸುಳಿವು ಕೊಟ್ಟ ಜಾಗಗಳಿಗೆ ಸಂಖ್ಯೆ ಕೊಟ್ಟು ಗುರುತಿಸಿದರು. ಮಳೆ, ಸೆಳೆತಕ್ಕೆ ಕೆಲಸ ನಿಂತಾಗಲೂ ಆ ಗುರುತುಗಳು ಉಳಿದವು. ಡ್ರೆಜರ್ ತಂದು ಹೂಳೆತ್ತಿ, ಸೆಪ್ಟೆಂಬರ್ 25ರಂದು ಹೊಳೆ ಪಾಲಾಗಿದ್ದ ಕೇರಳದ ಲಾರಿಯನ್ನೂ ಅದರ ಚಾಲಕನ ದೇಹವನ್ನೂ ಮೇಲೆತ್ತಿದರು. ಎರಡು ತಿಂಗಳು ದಾಟಿದ ಮೇಲೂ ಆ ಮನೆಯವರಿಗೆ ಅಂತ್ಯಕ್ರಿಯೆ ಮಾಡುವ ಅವಕಾಶ ಸಿಕ್ಕಿತು. ದೇಹವೇ ಸಿಗದ ಮನೆಯ ಸಂಕಟ ಕಂಡವರಿಗೆ ಇದರ ಬೆಲೆ ಗೊತ್ತು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ಹರಿಹರದ ದಡ ದಾವಣಗೆರೆ ಜಿಲ್ಲೆ, ಎದುರಿನ ಕುಮಾರಪಟ್ಟಣ ಹಾವೇರಿ ಜಿಲ್ಲೆ. ಇಲ್ಲಿ ಮುಳುಗಿದವನು ಆ ದಡಕ್ಕೆ ಸಿಗಬಹುದು. ಠಾಣೆ ಬೇರೆ, ತಂಡ ಬೇರೆ. ‘ಬೇವಿನ ಮರದ ನೇರಕ್ಕೆ’ ಎಂದರೆ ಆಚೆ ದಡದವರಿಗೆ ಏನು ಗೊತ್ತಾಗಬೇಕು? ಅಕ್ಷಾಂಶ, ರೇಖಾಂಶ ಹೇಳಿದರೆ ಅವರ ಬೋಟ್ ನೇರ ಅಲ್ಲಿಗೇ ಬರುತ್ತದೆ. ದಾವಣಗೆರೆಯ ಭದ್ರಾ ನಾಲೆಗೂ ಇದೇ ಮಾತು.

ಎರಡೂ ಜಿಲ್ಲಾಡಳಿತಗಳು ಕೂಡಿ ಈ ವ್ಯವಸ್ಥೆಯನ್ನು ಸಂಕ್ರಾಂತಿಯ ಪುಣ್ಯಸ್ನಾನಕ್ಕೆ ಮೊದಲೇ ಮಾಡಬೇಕು. ಮುಳುಗಿದ್ದನ್ನು ಕಂಡವನು ನಿಂತಿದ್ದ ಜಾಗವನ್ನು, ಅವನನ್ನು ಅಲ್ಲೇ ನಿಲ್ಲಿಸಿ, ಮೊದಲು ಫೋನಿನಲ್ಲಿ ಗುರುತು ಹಾಕಿಕೊಳ್ಳಬೇಕು. ಪ್ರತಿ ಬೋಟಿಗೆ ಬೆಂಡು, ಹಗ್ಗ, ಚೀಲ ಕೊಡಬೇಕು. ಸಂಜೆ ಹುಡುಕಾಟ ನಿಂತ ಕೂಡಲೇ ಆ ದಿನದ ಜಾಡು, ಏನೂ ಸಿಗದ ಜಾಗಗಳನ್ನೂ ಸೇರಿಸಿ, ಎರಡೂ ಜಿಲ್ಲೆಗಳ ಅಗ್ನಿಶಾಮಕ ಠಾಣೆಗಳಿಗೆ ತಲುಪಬೇಕು.