ಮಾತ್ರೆ ಮನೆ ಬಾಗಿಲಿಗೆ ಬಂತು, ತಿಳಿವಳಿಕೆ ಬಂತೇ? ಮಣಲಿ ಕಲಿಸುವ ಆರೋಗ್ಯ ಪಾಠ

ನಿಮ್ಮ ಮನೆಯಲ್ಲಿ ಬಿಪಿಗೋ ಶುಗರ್‌ಗೋ ಮಾತ್ರೆ ತೆಗೆದುಕೊಳ್ಳುವವರು ಇದ್ದಾರೆಯೇ? ಆ ಮಾತ್ರೆಯ ಹೆಸರೇನು, ಅದು ಯಾವುದಕ್ಕೆ, ಒಂದು ಹೊತ್ತು ಮರೆತರೆ ಏನು ಮಾಡಬೇಕು? ಈ ಮೂರು ಪ್ರಶ್ನೆಗೆ ಸ್ಟ್ರಿಪ್ ನೋಡದೆ ಉತ್ತರ ಹೇಳಬಲ್ಲಿರಾ? ಆಗದಿದ್ದರೆ ಸಂಕೋಚ ಬೇಡ. ಹೆಚ್ಚಿನವರಿಗೆ ಇದನ್ನು ಯಾರೂ ಕೂರಿಸಿ ಹೇಳಿಕೊಟ್ಟಿರುವುದಿಲ್ಲ.

ಔಷಧ ಸಿಗುವುದು ಒಂದು ಮಾತು, ಅದನ್ನು ಸರಿಯಾಗಿ ಬಳಸಲು ಗೊತ್ತಿರುವುದು ಇನ್ನೊಂದು ಮಾತು. ಈ ಎರಡನೆಯದನ್ನು ಆರೋಗ್ಯ ಸಾಮರ್ಥ್ಯ ಎನ್ನುತ್ತಾರೆ. ಚೆನ್ನೈನ ಉತ್ತರದಲ್ಲಿರುವ ಮಣಲಿಯನ್ನು ಇಟ್ಟುಕೊಂಡು ಈ ವಿಷಯವನ್ನು ನೋಡೋಣ. ಅಲ್ಲಿ ಕಲಿತ ಪಾಠ ಬೆಂಗಳೂರಿನ ಪೀಣ್ಯದಲ್ಲಿರುವವರಿಗೂ ಬೇಕು, ಊರಿನಲ್ಲಿ ಅಪ್ಪ ಅಮ್ಮನನ್ನು ನೋಡಿಕೊಳ್ಳುತ್ತಿರುವವರಿಗೂ ಬೇಕು.

ಆರೋಗ್ಯ ಸಾಮರ್ಥ್ಯದ ಮೂರು ಮೆಟ್ಟಿಲು

ಸಾರ್ವಜನಿಕ ಆರೋಗ್ಯ ತಜ್ಞ ಡಾನ್ ನಟ್‌ಬೀಮ್ 2000ರಲ್ಲಿ ಇದನ್ನು ಮೂರು ಮೆಟ್ಟಿಲುಗಳಾಗಿ ವಿವರಿಸಿದರು. ಮೊದಲನೆಯದು, ಚೀಟಿ ಓದಿ ಅದರಂತೆ ನಡೆಯುವುದು. ಎರಡನೆಯದು, ಡಾಕ್ಟರ್ ಹತ್ತಿರ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ನಮ್ಮ ದಿನಚರಿಗೆ ಹೊಂದಿಸಿಕೊಳ್ಳುವುದು. ಮೂರನೆಯದು, ಸಿಕ್ಕ ಮಾಹಿತಿಯನ್ನು ತೂಗಿ ನೋಡಿ, ನಮ್ಮ ಆರೋಗ್ಯವನ್ನು ಕೆಡಿಸುವ ಸಂಗತಿಗಳ ಬಗ್ಗೆ ದನಿ ಎತ್ತುವುದು.

ನಮ್ಮಲ್ಲಿ ಆರೋಗ್ಯ ಶಿಕ್ಷಣ ಎಂದರೆ ಹೆಚ್ಚಾಗಿ ಗೋಡೆಯ ಮೇಲಿನ ಪೋಸ್ಟರ್. ಅದು ಮೊದಲ ಮೆಟ್ಟಿಲಿನಲ್ಲೇ ನಿಂತುಬಿಡುತ್ತದೆ. ಮಣಲಿಯಂಥ ಜಾಗದಲ್ಲಿ ಮೂರೂ ಮೆಟ್ಟಿಲು ಬೇಕು.

ಮಣಲಿಯೇ ಏಕೆ?

ಇಲ್ಲಿ 1960ರ ದಶಕದಲ್ಲಿ ತೈಲ ಶುದ್ಧೀಕರಣ ಘಟಕ ಬಂತು. ನಂತರ ರಸಗೊಬ್ಬರ, ಪೆಟ್ರೋಕೆಮಿಕಲ್ ಕಾರ್ಖಾನೆಗಳು ಬಂದವು. ದುಡಿಯಲು ಬೇರೆ ಬೇರೆ ಭಾಷೆಯ ಜನ ಬಂದು ನೆಲೆಸಿದರು. 2009ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 88 ಕೈಗಾರಿಕಾ ಪ್ರದೇಶಗಳನ್ನು ಅಳೆದಾಗ 43 ಪ್ರದೇಶಗಳು 'ತೀವ್ರ ಕಲುಷಿತ' ಎಂಬ ಪಟ್ಟಿಗೆ ಸೇರಿದವು. ಅದರಲ್ಲಿ ಮಣಲಿಯೂ ಇತ್ತು. ಅದರ ಅಂಕ 100ಕ್ಕೆ 76.32.

2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತದ ನೆರೆಯ ಜೊತೆ ಮಣಲಿಯ ಕಡೆಯಿಂದ ತೈಲ ಹರಿದು ಎಣ್ಣೂರು ಅಳಿವೆಯನ್ನು ಸೇರಿತು. ಅದೇ ತಿಂಗಳ 26ರ ರಾತ್ರಿ ಪಕ್ಕದ ಎಣ್ಣೂರಿನಲ್ಲಿ ಸಮುದ್ರದೊಳಗಿನ ಪೈಪ್‌ಲೈನ್‌ನಿಂದ ಅಮೋನಿಯಾ ಸೋರಿತು. ಉಸಿರಾಟದ ತೊಂದರೆ, ಕಣ್ಣುರಿ ಎಂದು ಹತ್ತಾರು ಜನ ಆಸ್ಪತ್ರೆಗೆ ಹೋಗಬೇಕಾಯಿತು. ನಡುರಾತ್ರಿ ಮನೆ ಬಿಟ್ಟು ಓಡಿದವರಿಗೆ ಯಾವ ಕಡೆ ಓಡಬೇಕು ಎಂದು ಮೊದಲೇ ಗೊತ್ತಿದ್ದರೆ ಎಷ್ಟು ಒಳ್ಳೆಯದಿತ್ತು ಎಂದು ಯೋಚಿಸಿ.

ಇಲ್ಲೇ ತಿಳಿದುಕೊಳ್ಳಿ. ಅಮೋನಿಯಾ ವಾಸನೆ ಬಂದರೆ ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಸಾಗಿ ಅದರ ಹಾದಿಯಿಂದ ಹೊರಗೆ ಬನ್ನಿ. ಗಾಳಿ ಎತ್ತ ಬೀಸುತ್ತದೋ ಅತ್ತಲೇ ಓಡಿದರೆ ಅನಿಲವೂ ನಿಮ್ಮ ಜೊತೆಯೇ ಬರುತ್ತದೆ. ಒದ್ದೆ ಬಟ್ಟೆಯನ್ನು ಮೂಗು, ಬಾಯಿಗೆ ಹಿಡಿದುಕೊಳ್ಳಿ. ಅಮೋನಿಯಾ ನೀರಿನಲ್ಲಿ ಕರಗುವುದರಿಂದ ಇದು ಸ್ವಲ್ಪ ಮಟ್ಟಿಗೆ ತಡೆಯುತ್ತದೆ. ಕಣ್ಣು ಉರಿದರೆ ಉಜ್ಜಬೇಡಿ. ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸಿ ತೊಳೆದು, ಆಸ್ಪತ್ರೆಗೆ ಹೋಗಿ.

ಮನೆ ಬಾಗಿಲಿಗೆ ಬಂದ ಚಿಕಿತ್ಸೆ

2021ರ ಆಗಸ್ಟ್ 5ರಂದು ತಮಿಳುನಾಡು ಸರ್ಕಾರ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯನ್ನು ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ ಶುರು ಮಾಡಿತು. ಜನರನ್ನು ಅರಸಿ ಬರುವ ಚಿಕಿತ್ಸೆ ಎಂದು ಇದರ ಅರ್ಥ. ಊರಿನ ಮಹಿಳಾ ಆರೋಗ್ಯ ಸ್ವಯಂಸೇವಕಿಯರು ಮನೆಗೇ ಬಂದು ಬಿಪಿ, ಶುಗರ್ ನೋಡುತ್ತಾರೆ, ಮಾತ್ರೆ ಕೊಟ್ಟು ಹೋಗುತ್ತಾರೆ. ಹಾಸಿಗೆ ಹಿಡಿದವರಿಗೆ ಫಿಸಿಯೋಥೆರಪಿ, ಉಪಶಾಮಕ ಆರೈಕೆಯೂ ಇದರಲ್ಲಿದೆ. 2024ರಲ್ಲಿ ಇದಕ್ಕೆ ವಿಶ್ವಸಂಸ್ಥೆಯ ಅಂತರ ಸಂಸ್ಥೆ ಕಾರ್ಯಪಡೆಯ ಪ್ರಶಸ್ತಿ ಸಿಕ್ಕಿತು. ಕರ್ನಾಟಕದಲ್ಲೂ 2024ರಲ್ಲಿ ಕೋಲಾರದಿಂದ 'ಗೃಹ ಆರೋಗ್ಯ' ಯೋಜನೆ ಆರಂಭವಾಯಿತು.

ಇಂಥ ಯೋಜನೆ ಏಕೆ ಬೇಕು ಎಂಬುದಕ್ಕೆ ಲೆಕ್ಕವೇ ಸಾಕು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ವಯಸ್ಕರಲ್ಲಿ 35.5% ಮಂದಿಗೆ ರಕ್ತದೊತ್ತಡ ಹೆಚ್ಚಿದೆ. ಇಷ್ಟು ಜನ ತಿಂಗಳು ತಿಂಗಳು ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವುದು ಆಗದ ಮಾತು. ದಿನಗೂಲಿಯವರಿಗೆ ಒಂದು ದಿನದ ಸಾಲು ಎಂದರೆ ಒಂದು ದಿನದ ಸಂಬಳ ಹೋದಂತೆ.

ಆದರೆ ಮಾತ್ರೆ ಮನೆಗೆ ಬಂದ ಮಾತ್ರಕ್ಕೆ ಬಿಪಿ ಇಳಿಯುವುದಿಲ್ಲ. "ಈಗ ತಲೆಸುತ್ತು ಇಲ್ಲ, ಬಿಪಿ ನಾರ್ಮಲ್ ಬಂದಿದೆ, ಅದಕ್ಕೇ ನಿಲ್ಲಿಸಿದೆ" ಎನ್ನುವವರನ್ನು ಮೆಡಿಕಲ್ ಶಾಪಿನಲ್ಲಿ ಪ್ರತಿವಾರ ನೋಡುತ್ತೇವೆ. ಬಿಪಿ ನಾರ್ಮಲ್ ಬಂದಿರುವುದು ಮಾತ್ರೆ ಕೆಲಸ ಮಾಡುತ್ತಿರುವುದರಿಂದ. ನಿಲ್ಲಿಸಿದರೆ ಅದು ಸದ್ದಿಲ್ಲದೆ ಮತ್ತೆ ಏರುತ್ತದೆ. ಮಾತ್ರೆ ಕೊಡುವಾಗಲೇ ಯಾರಾದರೂ ಈ ಎರಡು ಮಾತು ಹೇಳಿದ್ದರೆ ಎಷ್ಟೋ ಪಾರ್ಶ್ವವಾಯು ತಪ್ಪುತ್ತಿತ್ತು.

ಚೀಟಿಯ ಭಾಷೆ, ಮನೆಯ ಭಾಷೆ

ಔಷಧದ ಮಾಹಿತಿಯನ್ನು ಕನ್ನಡಕ್ಕೆ ತರುವಾಗ ತೊಡಕು ಕೊಡುವುದು ದೊಡ್ಡ ಪದಗಳಲ್ಲ, ಚಿಕ್ಕವು. ಡಾಕ್ಟರ್ ಚೀಟಿಯಲ್ಲಿ 'ಬಿಡಿ' ಎಂದಿದ್ದರೆ ದಿನಕ್ಕೆ ಎರಡು ಸಲ ಎಂದು ಅರ್ಥ. ಅದನ್ನು ಕನ್ನಡದಲ್ಲಿ ಜೋರಾಗಿ ಓದಿದರೆ 'ಬಿಟ್ಟುಬಿಡಿ' ಎಂದು ಕೇಳಿಸುತ್ತದೆ! 'ಓಡಿ' ಎಂದರೆ ದಿನಕ್ಕೆ ಒಂದು ಸಲ. 'ಟಿಡಿಎಸ್' ಎಂದರೆ ಮೂರು ಸಲ. 'ಎಚ್‌ಎಸ್' ಎಂದರೆ ಮಲಗುವಾಗ. 'ಎಸ್‌ಒಎಸ್' ಎಂದರೆ ಬೇಕಾದಾಗ ಮಾತ್ರ. '1-0-1' ಎಂದಿದ್ದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಬೇಡ, ರಾತ್ರಿ ಒಂದು.

'ಖಾಲಿ ಹೊಟ್ಟೆಯಲ್ಲಿ' ಎಂಬ ಮಾತನ್ನೇ ನೋಡಿ. ನಮ್ಮ ಮನೆಗಳಲ್ಲಿ ಬೆಳಗಿನ ಕಾಫಿ ಊಟದ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಥೈರಾಯ್ಡ್ ಮಾತ್ರೆಯನ್ನು ಕಾಫಿಯ ಜೊತೆಗೇ ನುಂಗುವವರು ಬಹಳ. ಆದರೆ ಕಾಫಿ ಆ ಮಾತ್ರೆ ಮೈಗೆ ಹತ್ತುವುದನ್ನು ತಗ್ಗಿಸುತ್ತದೆ. ಆದ್ದರಿಂದ 'ಬರೀ ನೀರಿನಲ್ಲಿ ನುಂಗಿ, ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ ತಿಂಡಿ ಏನೂ ಬೇಡ' ಎಂದು ಬಿಡಿಸಿ ಹೇಳಿದರೆ ಮಾತ್ರ ಅದು ಅನುವಾದ.

ತಮಿಳು ಮಾತನಾಡಲು ಬಂದರೂ ಓದಲು ಬಾರದ ಕನ್ನಡಿಗರಿಗೆ ಮಣಲಿಯಂಥ ಊರಿನಲ್ಲಿ ಇನ್ನೊಂದು ಕಷ್ಟ: ಸ್ಟ್ರಿಪ್ ಇಂಗ್ಲಿಷಿನಲ್ಲಿ, ಸೂಚನೆಯ ಕಾಗದ ತಮಿಳಿನಲ್ಲಿ. ಇದಕ್ಕೊಂದು ಸರಳ ಉಪಾಯವಿದೆ. ಪ್ರತಿ ಮಾತ್ರೆಯ ಕವರಿನ ಮೇಲೆ ಯಾವುದಕ್ಕೆ, ಯಾವಾಗ, ಎಷ್ಟು ದಿನ ಎಂದು ಕನ್ನಡದಲ್ಲಿ ನೀವೇ ಬರೆದುಕೊಳ್ಳಿ. ಬರೆದದ್ದನ್ನು ಅಂಗಡಿಯವರಿಗೆ ಓದಿ ಹೇಳಿ, ಸರಿಯೇ ಎಂದು ಕೇಳಿ.

ಇನ್ಹೇಲರ್: ಕೈಗೆ ಕಲಿಸಬೇಕಾದ ವಿದ್ಯೆ

ಹೊಗೆ, ದೂಳಿನ ಊರಿನಲ್ಲಿ ಆಸ್ತಮಾ, ಸಿಒಪಿಡಿ ಇರುವವರಿಗೆ ಇನ್ಹೇಲರ್ ಜೀವದ ಆಸರೆ. 'ಅಭ್ಯಾಸವಾಗಿಬಿಡುತ್ತದೆ' ಎಂಬ ಹೆದರಿಕೆ ಬೇಡ. ಇನ್ಹೇಲರ್ ಚಟ ಹಿಡಿಸುವುದಿಲ್ಲ. ಔಷಧ ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಮಾತ್ರೆಗಿಂತ ಬಹಳ ಕಡಿಮೆ ಪ್ರಮಾಣ ಸಾಕು. ಆದರೆ ಬಳಸುವ ರೀತಿ ತಪ್ಪಿದರೆ ಔಷಧವೆಲ್ಲ ಗಂಟಲಲ್ಲೇ ಉಳಿಯುತ್ತದೆ.

ಒತ್ತಿ ಬಳಸುವ ಪಂಪ್ ಆದರೆ: ಚೆನ್ನಾಗಿ ಕುಲುಕಿ, ಉಸಿರನ್ನು ಪೂರ್ತಿ ಹೊರಬಿಡಿ. ತುಟಿಯಿಂದ ಬಿಗಿಯಾಗಿ ಹಿಡಿದು, ನಿಧಾನವಾಗಿ ಉಸಿರೆಳೆಯಲು ಶುರು ಮಾಡುತ್ತಲೇ ಒತ್ತಿ. ಉಸಿರನ್ನು 10 ಸೆಕೆಂಡ್ ಹಿಡಿಯಿರಿ. ಕೈ ಮತ್ತು ಉಸಿರು ಹೊಂದಿಕೆಯಾಗದಿದ್ದರೆ ಸ್ಪೇಸರ್ ಕೇಳಿ ಪಡೆಯಿರಿ.

ಕ್ಯಾಪ್ಸೂಲ್ ಹಾಕಿ ಪುಡಿ ಎಳೆಯುವ ಸಾಧನವಾದರೆ ಲೆಕ್ಕ ಉಲ್ಟಾ: ಕುಲುಕಬಾರದು, ಅದರೊಳಗೆ ಊದಬಾರದು, ಉಸಿರನ್ನು ವೇಗವಾಗಿ, ಜೋರಾಗಿ ಎಳೆಯಬೇಕು. ಸ್ಟೀರಾಯ್ಡ್ ಇನ್ಹೇಲರ್ ಯಾವುದೇ ಆಗಲಿ, ಬಳಸಿದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಇಲ್ಲವಾದರೆ ಬಾಯಲ್ಲಿ ಬಿಳಿ ಅಗ್ಗು ಬರಬಹುದು.

ಇದನ್ನು ಓದಿ ಕಲಿಯುವುದು ಕಷ್ಟ. ಮುಂದಿನ ಸಲ ಆಸ್ಪತ್ರೆಗೋ ಮೆಡಿಕಲ್ ಶಾಪಿಗೋ ಹೋದಾಗ ನಿಮ್ಮ ಇನ್ಹೇಲರ್ ಜೊತೆಗಿರಲಿ. "ನಾನು ಮಾಡಿ ತೋರಿಸುತ್ತೇನೆ, ಸರಿ ಇದೆಯಾ ನೋಡಿ" ಎನ್ನಿ.

ಗಾಳಿಯ ಅಂಕಿ ಎಲ್ಲವನ್ನೂ ಹೇಳುವುದಿಲ್ಲ

2015ರಿಂದ ದೇಶದಲ್ಲಿ ವಾಯು ಗುಣಮಟ್ಟ ಸೂಚ್ಯಂಕ, ಅಂದರೆ ಎಕ್ಯುಐ ಜಾರಿಯಲ್ಲಿದೆ. 50ರವರೆಗೆ ಉತ್ತಮ, 100ರವರೆಗೆ ತೃಪ್ತಿಕರ, 200ರವರೆಗೆ ಮಧ್ಯಮ, 300ರವರೆಗೆ ಕಳಪೆ, 400ರವರೆಗೆ ತೀರಾ ಕಳಪೆ, ಅದರ ಮೇಲೆ ಗಂಭೀರ. ಮಣಲಿಯಲ್ಲೂ ಅಳತೆ ಕೇಂದ್ರವಿದೆ. 'ಸಮೀರ್' ಆ್ಯಪ್‌ನಲ್ಲಿ ಅಂಕಿ ಸಿಗುತ್ತದೆ. ಆಸ್ತಮಾ, ಹೃದ್ರೋಗ ಇರುವವರು, ಮಕ್ಕಳು, ವಯಸ್ಸಾದವರು 100 ದಾಟಿದ ದಿನವೇ ಹೊರಗಿನ ಶ್ರಮದ ಕೆಲಸ, ವೇಗದ ನಡಿಗೆ ಕಡಿಮೆ ಮಾಡುವುದು ಒಳ್ಳೆಯದು.

ಆದರೆ ಎರಡು ವಿಷಯ ನೆನಪಿರಲಿ. ಒಂದು, ದೂಳಿನ ಕಣಗಳ ಲೆಕ್ಕ 24 ಗಂಟೆಯ ಸರಾಸರಿ. ಈಗ ಎದ್ದ ಹೊಗೆ ಅಂಕಿಯಲ್ಲಿ ಕೂಡಲೇ ಕಾಣುವುದಿಲ್ಲ. ಎರಡು, ಎಕ್ಯುಐ ಎಣಿಸುವುದು ಎಂಟು ಮಾಲಿನ್ಯಕಾರಕಗಳನ್ನು ಮಾತ್ರ. ತೈಲ ಘಟಕಗಳ ಸುತ್ತ ಮುಖ್ಯವಾದ ಬೆಂಜೀನ್, ಕೊಳೆತ ಮೊಟ್ಟೆಯ ವಾಸನೆ ಕೊಡುವ ಹೈಡ್ರೋಜನ್ ಸಲ್ಫೈಡ್ ಆ ಎಂಟರಲ್ಲಿಲ್ಲ. ಆ್ಯಪ್ ಹಸಿರು ತೋರಿಸುತ್ತಿದ್ದರೂ ವಾಸನೆ ಬರುತ್ತಿದ್ದರೆ, ತಲೆನೋವು ಬರುತ್ತಿದ್ದರೆ ನಿಮ್ಮ ಮೂಗನ್ನು ನಂಬಿ. ದಿನ, ಗಂಟೆ, ವಾಸನೆ ಎಂಥದು, ಏನಾಯಿತು ಎಂದು ಬರೆದಿಡಿ. ಡಾಕ್ಟರಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅದು ಬೇಕಾಗುವ ದಾಖಲೆ.

ಶಾಲೆಯಿಂದ ಮನೆಗೆ

2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರಿಗೆ ತರಬೇತಿ ಕೊಟ್ಟು, 11 ವಿಷಯಗಳನ್ನು ಚಟುವಟಿಕೆಗಳ ಮೂಲಕ ಕಲಿಸುವುದು ಇದರ ಗುರಿ. 2025ರ ಮೇನಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ 'ಶುಗರ್ ಬೋರ್ಡ್' ಹಾಕಲು ಹೇಳಿತು. ಯಾವ ಪಾನೀಯದಲ್ಲಿ, ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಇದೆ ಎಂದು ಮಕ್ಕಳಿಗೆ ತೋರಿಸುವ ಫಲಕ ಇದು.

ಲೇಬಲ್ ಓದುವುದು ಎಷ್ಟು ಮುಖ್ಯ ಎಂಬುದಕ್ಕೆ ಓಆರ್‌ಎಸ್ ಪ್ರಕರಣವೇ ಸಾಕ್ಷಿ. ಸಿಹಿ ಪಾನೀಯಗಳ ಪ್ಯಾಕೆಟ್ ಮೇಲೆ 'ಓಆರ್‌ಎಸ್' ಎಂದು ಬರೆದು ಮಾರುತ್ತಿದ್ದರು. ಭೇದಿಯಾದ ಮಗುವಿಗೆ ಹೆಚ್ಚು ಸಕ್ಕರೆಯ ಪಾನೀಯ ಕೊಟ್ಟರೆ ಭೇದಿ ಇನ್ನಷ್ಟು ಹೆಚ್ಚಬಹುದು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಪದ ಬಳಸಲು ಕೊಟ್ಟಿದ್ದ ಅನುಮತಿಯನ್ನು ಹಿಂಪಡೆಯಿತು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಲೀಟರಿಗೆ ಗ್ಲೂಕೋಸ್ ಇರುವುದು 13.5 ಗ್ರಾಂ ಮಾತ್ರ. ಕೊಳ್ಳುವಾಗ ಆ ಸೂತ್ರದ ಹೆಸರು ಪ್ಯಾಕೆಟ್ ಮೇಲಿದೆಯೇ ನೋಡಿ.

ತಿಳಿವಳಿಕೆಗೂ ಒಂದು ಮಿತಿ ಇದೆ

ಸರಿಯಾಗಿ ತಿನ್ನಿ, ಬೆಳಿಗ್ಗೆ ನಡೆಯಿರಿ ಎಂದು ಹೇಳುವುದು ಸುಲಭ. ಬೆಳಗಿನ ಗಾಳಿಯೇ ಕೆಟ್ಟಿರುವ ಊರಿನಲ್ಲಿ ಎಲ್ಲಿ ನಡೆಯಬೇಕು? ಮೂರು ಪಾಳಿಯಲ್ಲಿ ದುಡಿಯುವವರು ಹೊತ್ತಿಗೆ ಸರಿಯಾಗಿ ಹೇಗೆ ಉಣ್ಣಬೇಕು? ಉಸಿರಾಡುವ ಗಾಳಿಯನ್ನು ಯಾವ ಜಾಣತನದಿಂದಲೂ ಆರಿಸಿಕೊಳ್ಳಲು ಆಗುವುದಿಲ್ಲ. 1986ರ ಒಟ್ಟಾವಾ ಸನ್ನದು ಇದನ್ನೇ ಹೇಳಿದೆ: ಜನರ ಕೌಶಲ ಬೆಳೆಸುವುದರ ಜೊತೆಗೆ ಆರೋಗ್ಯಕ್ಕೆ ಪೂರಕವಾದ ಪರಿಸರವನ್ನೂ ಕಟ್ಟಬೇಕು. ಎರಡರಲ್ಲಿ ಒಂದನ್ನು ಮಾತ್ರ ಮಾಡಿ, ಕಾಯಿಲೆ ಬಂದವರನ್ನು 'ನಿಮ್ಮದೇ ತಪ್ಪು' ಎನ್ನುವುದು ನ್ಯಾಯವಲ್ಲ.

ಹಾಗೆಂದು ಕಲಿಯುವುದು ವ್ಯರ್ಥವಲ್ಲ. ಕಾರ್ಖಾನೆ ಯಾವ ಅನಿಲ ಬಳಸುತ್ತದೆ, ಸೈರನ್ ಕೂಗಿದರೆ ಎಲ್ಲಿ ಸೇರಬೇಕು, ಅಳತೆ ಕೇಂದ್ರ ಏನನ್ನು ಅಳೆಯುತ್ತದೆ ಎಂದು ಕೇಳುವ ಜನರಿಗೆ ಉತ್ತರ ಕೊಡಲೇಬೇಕಾಗುತ್ತದೆ.

ಈ ವಾರ ನೀವು ಮಾಡಬಹುದಾದ ಐದು ಕೆಲಸ

1. ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿ ಮಾಡಿ ಪರ್ಸಿನಲ್ಲಿಡಿ. ಅಲರ್ಜಿ ಇದ್ದರೆ ಅದನ್ನೂ ಬರೆಯಿರಿ.

2. ಒಂದು ಹೊತ್ತು ಮರೆತರೆ ಏನು ಮಾಡಬೇಕೆಂದು ಪ್ರತಿ ಮಾತ್ರೆಗೂ ಕೇಳಿ ತಿಳಿದುಕೊಳ್ಳಿ. ಮರೆತದ್ದಕ್ಕೆಂದು ಒಟ್ಟಿಗೆ ಎರಡು ನುಂಗಬೇಡಿ.

3. ಡಾಕ್ಟರ್ "ಅರ್ಥ ಆಯ್ತಾ?" ಎಂದಾಗ ಬರೀ ತಲೆಯಾಡಿಸಬೇಡಿ. "ನನಗೆ ಅರ್ಥವಾದದ್ದು ಹೀಗೆ" ಎಂದು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ತಪ್ಪಿದ್ದರೆ ಅಲ್ಲೇ ಸರಿಯಾಗುತ್ತದೆ.

4. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಔಷಧಗಳಿಗೆ ಕ್ಯುಆರ್ ಕೋಡ್ ಕಡ್ಡಾಯ. ಸ್ಕ್ಯಾನ್ ಮಾಡಿ ತಯಾರಕರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ತಾಳೆ ನೋಡಿ.

5. ಮನೆಗೆ ಬರುವ ಆಶಾ ಕಾರ್ಯಕರ್ತೆ ಅಥವಾ ಸ್ವಯಂಸೇವಕಿಯನ್ನು ಮಾತ್ರೆ ಇಸಿದುಕೊಂಡು ಕಳುಹಿಸಿಬಿಡಬೇಡಿ. ಒಂದು ಲೋಟ ನೀರು ಕೊಟ್ಟು ಕೂರಿಸಿ. ಇವತ್ತಿನ ಬಿಪಿ ಎಷ್ಟು, ಹೋದ ಸಲ ಎಷ್ಟಿತ್ತು ಎಂದು ಕೇಳಿ ಬರೆದುಕೊಳ್ಳಿ.

ಈ ಲೇಖನ ಸಾಮಾನ್ಯ ತಿಳಿವಳಿಕೆಗಾಗಿ. ನಿಮ್ಮ ಔಷಧವನ್ನು ನಿಲ್ಲಿಸುವ, ಬದಲಿಸುವ, ಪ್ರಮಾಣ ಹೆಚ್ಚು ಕಡಿಮೆ ಮಾಡುವ ಮೊದಲು ನಿಮ್ಮ ವೈದ್ಯರನ್ನು ಕೇಳಿ.