ಚಿತ್ರಗಳಿಗೂ ಲಿಪಿಯುಂಟು

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಮಕ್ಕಳು ಮೊಬೈಲಿನಿಂದ ಕಳುಹಿಸುವ ಚಿತ್ರಗಳು ಸೇಲಂ, ಧರ್ಮಪುರಿ ಕಡೆಯ ನಮ್ಮ ಮನೆಗಳ ಕಂಪ್ಯೂಟರಿನಲ್ಲಿ ಕೆಲವೊಮ್ಮೆ ತೆರೆಯುವುದೇ ಇಲ್ಲ. ಚಿತ್ರ ಕೆಟ್ಟಿತೆಂದು ಹಿರಿಯರು ಅದನ್ನು ಅಳಿಸಿಬಿಡುವುದೂ ಉಂಟು. ವಾಚಕ ಬಂಧುಗಳು ಹಾಗೆ ಅವಸರಪಡಬಾರದೆಂದು ಈ ತಿಂಗಳು ನಾಲ್ಕು ಮಾತು ಬರೆಯುತ್ತಿದ್ದೇವೆ.

ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ತಮಿಳನ್ನಷ್ಟೇ ಕಲಿತ ಮಗುವಿನ ಮುಂದೆ ಅಜ್ಜನ ಕನ್ನಡ ಪತ್ರವನ್ನಿಟ್ಟರೆ ಅದು ಓದಲಾರದು. ಪತ್ರದಲ್ಲಿ ದೋಷವಿಲ್ಲ, ಮಗುವಿನಲ್ಲಿಯೂ ದೋಷವಿಲ್ಲ. ಲಿಪಿಯ ಪರಿಚಯವಿಲ್ಲ, ಅಷ್ಟೆ. ಬ್ರೌಸರಿನ ಸ್ಥಿತಿಯೂ ಇದೇ. 1987ರಲ್ಲಿ ಗಿಫ್, 1992ರಲ್ಲಿ ಜೆಪೆಗ್, 1996ರಲ್ಲಿ ಪಿಎನ್‌ಜಿ ಬಂದವು. ಈ ಮೂರನ್ನು ಎಲ್ಲ ಬ್ರೌಸರುಗಳೂ ಬಲ್ಲವು. ಗೂಗಲ್ 2010ರಲ್ಲಿ ಹೊರತಂದ ವೆಬ್‌ಪಿಯನ್ನು ಆಪಲ್ ಸಂಸ್ಥೆಯ ಸಫಾರಿ ಕಲಿತದ್ದು 2020ರಲ್ಲಿ. ಐಫೋನುಗಳು 2017ರಿಂದ ಬಳಸುತ್ತಿರುವ ಹೈಕ್ ಎಂಬ ಬಗೆಯನ್ನು ಸಫಾರಿ 2023ರಲ್ಲಿ ಕಲಿಯಿತು. ಕ್ರೋಮ್ ಮೊದಲಾದವು ಅದನ್ನು ಓದುವುದಿಲ್ಲ.

ಕಡತದ ಹೆಸರಿನ ಕೊನೆಯಲ್ಲಿ ಜೆಪಿಜಿ ಎಂದು ತಿದ್ದಿದರೆ ಸಾಕೆಂದು ಕೆಲವರ ಎಣಿಕೆ. ಅಂಗಿ ಬದಲಿಸಿದರೆ ಆಳು ಬದಲಾಗುವನೇ? ಕಡತದ ಮೊದಲಲ್ಲಿಯೇ ಅದರ ಜಾತಿಯ ಗುರುತಿರುತ್ತದೆ; ಪಿಎನ್‌ಜಿಯಾದರೆ ಪಿ, ಎನ್, ಜಿ ಎಂಬ ಮೂರು ಅಕ್ಷರಗಳೇ ಅಲ್ಲಿರುತ್ತವೆ. ಆದುದರಿಂದ ಪರಿವರ್ತನೆ ಮಾಡಬೇಕೇ ಹೊರತು ಹೆಸರು ತಿದ್ದುವುದಲ್ಲ. ಐಫೋನಿನ ಕ್ಯಾಮೆರಾ ವ್ಯವಸ್ಥೆಯಲ್ಲಿ ಜೆಪೆಗ್ ಬಗೆಯನ್ನು ಆರಿಸಿಡಲು ಮಕ್ಕಳಿಗೆ ಹೇಳಿದರೆ ತೊಡಕು ಮೊದಲಲ್ಲೇ ನೀಗುತ್ತದೆ.

ಇನ್ನೊಂದು ಎಚ್ಚರಿಕೆ. ಜೆಪೆಗ್ ಗಾತ್ರವನ್ನು ತಗ್ಗಿಸಲು ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ತಿದ್ದಿ ಮತ್ತೆ ಮತ್ತೆ ಉಳಿಸಿದಂತೆ ನಷ್ಟ ಬೆಳೆಯುತ್ತದೆ. ಮುಖಗಳ ಚಿತ್ರದಲ್ಲಿ ಇದು ಅಷ್ಟಾಗಿ ಕಾಣದು. ಅಕ್ಷರಗಳ ಅಂಚಿನಲ್ಲಿ ಮಸಿ ಹರಡಿದಂತಾಗಿ ಒತ್ತಕ್ಷರ, ಅರ್ಕಾವತ್ತುಗಳು ಕಲಸಿಹೋಗುತ್ತವೆ. ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳು ಕಲ್ಲಿನಲ್ಲಿ ಉಳಿದು ಬಂದಿವೆ. ನಮ್ಮ ಮನೆಗಳ ಹಳೆಯ ಪತ್ರ, ಕ್ರಯಪತ್ರಗಳು ಕಾಗದದ ಮೇಲಿವೆ. ಇಂಥವನ್ನು ಸ್ಕ್ಯಾನ್ ಮಾಡಿಸುವಾಗ ಏನನ್ನೂ ಬಿಡದ ಪಿಎನ್‌ಜಿಯಲ್ಲಿ ಇರಿಸುವುದು ಲೇಸು. ಕಡತ ದೊಡ್ಡದಾದೀತು, ಚಿಂತೆಯಿಲ್ಲ. ಹಂಚುವುದಕ್ಕೆ ಬೇರೊಂದು ಜೆಪೆಗ್ ಪ್ರತಿಯಿರಲಿ.

ಚಿತ್ರದೊಳಗಿನ ಅಕ್ಷರ ಹುಡುಕಿದರೆ ಸುಲಭವಾಗಿ ಸಿಕ್ಕದು. ಪಕ್ಕದಲ್ಲಿ ಅದೇ ಮಾತನ್ನು ಕನ್ನಡದಲ್ಲಿ ಬೆರಳಚ್ಚು ಮಾಡಿಡಿರಿ. ಆ ಕೆಲಸವನ್ನು ಮಕ್ಕಳಿಂದಲೇ ಮಾಡಿಸಿರಿ. ಪತ್ರವೂ ಉಳಿಯುತ್ತದೆ, ಅದನ್ನು ಓದಬಲ್ಲವರೂ ಮನೆಯಲ್ಲಿ ಉಳಿಯುತ್ತಾರೆ ಎಂಬುದು ನಮ್ಮ ಬಿನ್ನಹ.